ಟೈಲ್ಸ್ ಅಂಟಿಸಿದ ಗೋಡೆಯ ಬಳಿ ಕಟ್ಟಿಗೆ ಒಲೆ: 14 ಇಂಚು ಸಾಕೇ?

ಮಿನೆಸೋಟಾದ ನಿಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಪ್ರಮಾಣೀಕರಣದ ಫಲಕವೇ ಇಲ್ಲದ ಹಳೆಯ ಕಟ್ಟಿಗೆ ಒಲೆಯನ್ನು ಟೈಲ್ಸ್ ಅಂಟಿಸಿದ ಡ್ರೈವಾಲ್ (ಮರದ ಚೌಕಟ್ಟಿನ ಮೇಲೆ ಜಿಪ್ಸಂ ಹಲಗೆ ಹೊದಿಸಿದ) ಗೋಡೆಯಿಂದ 14 ಇಂಚು ದೂರದಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಇಡಬೇಡಿ. ಟೈಲ್ಸ್ ತಾನು ಉರಿಯದಿದ್ದರೂ ಬಿಸಿಯನ್ನು ಹಿಂದಿರುವ ಮರದ ಚೌಕಟ್ಟಿಗೆ ದಾಟಿಸುತ್ತದೆ. ವರ್ಷಗಟ್ಟಲೆ ಹೀಗೆ ಕಾದು ಒಣಗಿದ ಮರವು ಸಾಮಾನ್ಯಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಹುದು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘದ ಎನ್‌ಎಫ್‌ಪಿಎ 211 ಮಾನದಂಡದಂತೆ ಇಂತಹ ಒಲೆಗೂ ಉರಿಯಬಲ್ಲ ಗೋಡೆಗೂ ನಡುವೆ 36 ಇಂಚು ಅಂತರವಿರಬೇಕು. ಗೋಡೆಯಿಂದ 1 ಇಂಚು ಬಿಟ್ಟು, ಮೇಲೂ ಕೆಳಗೂ ಗಾಳಿಯಾಡುವಂತೆ 24 ಗೇಜ್ ಲೋಹದ ತಗಡನ್ನು ನಿಲ್ಲಿಸಿದರೆ ಆ ಅಂತರವನ್ನು 12 ಇಂಚಿಗೆ ಇಳಿಸಬಹುದು. ಒಂಟಿ ಪದರದ ಹೊಗೆ ಕೊಳವೆಗೂ ಉರಿಯಬಲ್ಲ ವಸ್ತುಗಳಿಗೂ ನಡುವೆ 18 ಇಂಚು ಬೇಕು. ತಗ್ಗಾದ ಚಾವಣಿಯ ಮರದ ತೊಲೆಗಳಿಂದಲೂ ಅಂತರ ಅಳೆಯಿರಿ, ಹೆಚ್ಚಿನವರು ಅದನ್ನೇ ಮರೆಯುತ್ತಾರೆ. ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಅನಿಲದ ಅಲಾರಂ ಅಳವಡಿಸಿ, ಸ್ಥಳೀಯ ಕಟ್ಟಡ ಪರಿವೀಕ್ಷಕರಿಗೆ ತೋರಿಸಿದ ಮೇಲೆಯೇ ಬೆಂಕಿ ಹಚ್ಚಿ.