ಬೇಕಲ ಕೋಟೆಯ ಪಾದೆಕಲ್ಲುಗಳ ಹತ್ತಿರ, ದೋಣಿಯಿಲ್ಲದೆ ದಡದಿಂದಲೇ ಸ್ಕೂಬಾ ಡೈವಿಂಗ್ ಮಾಡಬಹುದಾ?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್ (ಸ್ಕೂಬಾದ ಮೊದಲ ಹಂತದ ತರಬೇತಿ) ಮುಗಿಸಿದ್ದೀರಿ, ಈಗ ನಮ್ಮ ಕಾಸರಗೋಡಿನ ಕಡಲಲ್ಲೇ ಮುಳುಗುವ ಆಸೆ ಅಂತ ಬರೆದಿದ್ದೀರಿ. ಆಸೆ ಒಳ್ಳೆಯದೇ. ಆದರೆ ಕೋಟೆ ಬುಡದ ಕಲ್ಲಿನ ಮೇಲಿಂದ ಮಾತ್ರ ಇಳಿಯಬೇಡಿ. ಪಕ್ಕದ ಮರಳಿನಿಂದ ಇಳಿದು, ಈಜಿಕೊಂಡು ಕಲ್ಲಿನ ಹೊರ ಅಂಚಿಗೆ ಹೋಗಿ. ವಾಪಸ್ ಬರುವುದೂ ಮರಳಿಗೇ. ದಡದಿಂದ ಇಳಿದು ಅಭ್ಯಾಸ ಇರುವ ಇನ್‌ಸ್ಟ್ರಕ್ಟರ್ ಜೊತೆಗಿರಲಿ.

ನೇತ್ರಾಣಿಯಲ್ಲಿ ದೋಣಿಯಿಂದ ಒಂದು ಹೆಜ್ಜೆ ಹಾಕಿದರೆ ಸಾಕು, ಆಳ ನೀರು. ಇಲ್ಲಿ ತೆರೆ ಒಡೆಯುವ ಜಾಗವನ್ನು ಎರಡು ಸಲ ದಾಟಬೇಕು. ಬರುವಾಗಲೇ ಕಷ್ಟ ಜಾಸ್ತಿ. ಸುಸ್ತಾಗಿರುತ್ತೀರಿ, ತೆರೆ ಬೆನ್ನ ಹಿಂದಿನಿಂದ ಬರುತ್ತದೆ. ಅಷ್ಟು ಹೊತ್ತಿಗೆ ಸಿಲಿಂಡರ್‌ನಿಂದ ಉಸಿರಾಡಿ ಖಾಲಿಯಾದ ಗಾಳಿಯ ತೂಕವೇ ಸುಮಾರು 2 ಕಿಲೋ. ಅಷ್ಟು ಹಗುರಾದ ಸಿಲಿಂಡರ್ ನಿಮ್ಮನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಅದಕ್ಕೇ ವಾಪಸ್ ಎಲ್ಲಿ ದಡ ಹತ್ತುವುದು ಅಂತ ಮೊದಲು ನೋಡಿಕೊಳ್ಳಿ, ಇಳಿಯುವ ಜಾಗ ಆಮೇಲೆ.

ಸಾಮಾನು ಕಟ್ಟಿಕೊಳ್ಳುವ ಮೊದಲು ಅರ್ಧ ಗಂಟೆ ಸುಮ್ನೆ ಕೂತು ಕಡಲು ನೋಡಿ. ತೆರೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಸ್ವಲ್ಪ ಹೊತ್ತು ತಣ್ಣಗೆ. ಆ ಬಿಡುವಿನಲ್ಲೇ ಹೋಗಬೇಕು. ಮಾಸ್ಕ್ ಮುಖದಲ್ಲಿ, ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿ ಉಸಿರಾಡುವ ಸಾಧನ) ಬಾಯಲ್ಲಿ ಇರಲಿ, ಮೊಣಕಾಲು ನೀರಾದರೂ ಅಷ್ಟೇ. ಬಿದ್ದರೂ ಉಸಿರಾಟ ನಿಲ್ಲಬಾರದು, ಅಲ್ವಾ? ಸೊಂಟದ ನೀರಿಗೆ ಬಂದ ಮೇಲೆ ಬಡ್ಡಿಯ (ಜೊತೆಗೆ ಮುಳುಗುವ ಸಂಗಾತಿಯ) ಹೆಗಲು ಹಿಡಿದು ಕಾಲಿಗೆ ಒಂದೊಂದೇ ಫಿನ್ (ಈಜುರೆಕ್ಕೆ) ಹಾಕಿ.

ಆಳ ಕಡಿಮೆ, ಹಾಗಾಗಿ ಸುಲಭ ಅಂತ ತಿಳಿಯಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಂದರೆ ಗಾಳಿ ಅತಿ ಹೆಚ್ಚು ಹಿಗ್ಗುವುದು, ಕುಗ್ಗುವುದು ಈ ಮೇಲಿನ ನೀರಿನಲ್ಲೇ. ಕಲ್ಲಿನ ಹತ್ತಿರ ಅಲೆ ನಿಮ್ಮನ್ನು ಎತ್ತಿ ಇಳಿಸುತ್ತಿರುತ್ತದೆ. ಆಗ ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೆ ಪೆಟ್ಟು. ಕಲ್ಲಿನ ಸಂದಿಯಲ್ಲಿ ಮುರು ಮೀನು ಕಂಡಿತು ಅಂತ ನುಗ್ಗಬೇಡಿ. ಸಂದಿಯಲ್ಲಿ ನೀರು ಒಳಕ್ಕೆ ಎಳೆದು ಹೊರಕ್ಕೆ ಉಗುಳುತ್ತಿರುತ್ತದೆ. ಪಚ್ಚಿಲೆ ಚಿಪ್ಪಿನ ಅಂಚಿಗೆ ಕೈ ತಾಗಿದರೆ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳುತ್ತದೆ. ಗ್ಲೌಸ್ ಹಾಕಿ. ಹರಿದ ಬಲೆ ಕಲ್ಲಿಗೆ ಸಿಕ್ಕಿಕೊಂಡಿರಬಹುದು, ಚಿಕ್ಕ ಚಾಕು ಕಟ್ಟಿಕೊಳ್ಳಿ. ದೋಣಿಯವರಿಗೆ ಕಾಣುವಂತೆ ಬಣ್ಣದ ಬೋಯ್ (ನೀರಿನ ಮೇಲೆ ತೇಲುವ ಗುರುತು) ಎಳೆದುಕೊಂಡೇ ಹೋಗಿ.

ಸಿಲಿಂಡರ್‌ನ ಗಾಳಿಯ ಒತ್ತಡ 200 ಬಾರ್ ಇರುವಾಗ ಶುರು ಮಾಡಿದರೆ 130ಕ್ಕೆ ಇಳಿದಾಗ ವಾಪಸ್ ತಿರುಗಿ. ಇದು ಅತಿಯಾದ ಎಚ್ಚರಿಕೆ ಅನ್ನಿಸಬಹುದು. ಆದರೆ ತೆರೆ ಜೋರಾಗಿ ಹೊರಗೇ ಕಾಯಬೇಕಾದರೆ ಗಾಳಿ ಬೇಕು. ಮರಳು ಮುಟ್ಟಿದ ಮೇಲೆ ಎದ್ದು ನಿಲ್ಲುವ ಆತುರ ಬೇಡ. ತೆರೆ ಎಳೆಯುತ್ತಿದ್ದರೆ ಮಂಡಿಯೂರಿ ತೆವಳಿಕೊಂಡೇ ಬನ್ನಿ, ರೆಗ್ಯುಲೇಟರ್ ಬಾಯಲ್ಲೇ ಇರಲಿ.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಧ್ಯಾಹ್ನ ಕಡಲಗಾಳಿ ಏಳುತ್ತದೆ, ಬೆಳಗ್ಗೆಯೇ ಮುಗಿಸಿ. ಮಳೆಗಾಲದ ಯೋಚನೆಯೇ ಬೇಡ. ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರವೂ ಬೇಡ, ಇಳಿತದ ಹೊತ್ತಿಗೆ ನೀರು ಕಡಲಿಗೆ ಎಳೆದುಕೊಂಡು ಹೋಗುತ್ತದೆ. ನೇತ್ರಾಣಿಯಷ್ಟು ತಿಳಿ ನೀರು ಇಲ್ಲಿ ನಿರೀಕ್ಷಿಸಬೇಡಿ. ಬಡ್ಡಿ ಕಾಣದಷ್ಟು ನೀರು ಕೆಂಪಾಗಿದ್ದರೆ ಅವತ್ತು ಇಳಿಯಲೇಬೇಡಿ.

ಹೋಗುವ ಮೊದಲು ಪಚ್ಚಿಲೆ ಕೀಳಲು ಮುಳುಗುವವರನ್ನು ಹುಡುಕಿ ಮಾತಾಡಿ. ಯಾವ ಕಲ್ಲಿನ ಪಕ್ಕ ಸುಳಿ ಏಳುತ್ತದೆ, ಎಲ್ಲಿ ಬಲೆ ಬಿಡುತ್ತಾರೆ ಅನ್ನುವುದು ಅವರಿಗೆ ಗೊತ್ತು. ಅವರು ಇವತ್ತು ಬೇಡ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ಕರಾವಳಿ ಪೊಲೀಸರಿಗೂ ಹಿಂದಿನ ದಿನವೇ ಹೇಳಿ, ಅನುಮತಿ ಬೇಕಾ ಅಂತ ಕೇಳಿಕೊಳ್ಳಿ.