ಸಿಡಿಲು ಬಡಿದು ಕರೆಂಟ್ ಹೋಗಿ ಬಂದ ಮೇಲೆ ಮಡಿಕೇರಿಯ ನಮ್ಮ ಹೋಂಸ್ಟೇಯ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ನೆಟ್‌ವರ್ಕಿನಲ್ಲಿ ಕಾಣುತ್ತಿಲ್ಲ. ಹುಡುಕುವುದು ಹೇಗೆ?
ಮೊದಲು ಡಿವಿಆರ್ ಹಿಂದೆ ಲ್ಯಾನ್ ಕೇಬಲ್ ಸಿಕ್ಕಿಸುವ ಕಡೆ ಲೈಟ್ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಐಪಿ (ನೆಟ್‌ವರ್ಕಿನಲ್ಲಿ ಸಾಧನದ ವಿಳಾಸ) ಹುಡುಕಿ ಪ್ರಯೋಜನವಿಲ್ಲ. ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಸಿಡಿಲಿಗೆ ಉಳಿದದ್ದೆಲ್ಲ ಸರಿಯಿದ್ದು ಲ್ಯಾನ್ ಪೋರ್ಟ್ ಮಾತ್ರ ಸುಟ್ಟಿರುವುದುಂಟು, ಅದರಲ್ಲೂ ಮನೆಯಿಂದ ಕಾಫಿ ಕಣದವರೆಗೆ ಹೊರಗಡೆ ಕೇಬಲ್ ಎಳೆದಿದ್ದರೆ. ಆ ಕೇಬಲ್ 100 ಮೀಟರ್ ದಾಟಲೂಬಾರದು.

ಲೈಟ್ ಇದ್ದರೆ ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಡಿಎಚ್‌ಸಿಪಿ ಪಟ್ಟಿ (ರೂಟರ್ ತಾನಾಗಿಯೇ ಯಾವ ಸಾಧನಕ್ಕೆ ಯಾವ ಐಪಿ ಕೊಟ್ಟಿದೆ ಎಂಬ ಪಟ್ಟಿ) ನೋಡಿ. ಡಿವಿಆರ್ ಸ್ಟಿಕ್ಕರಿನಲ್ಲಿರುವ ಮ್ಯಾಕ್ ವಿಳಾಸ (ಆ ಸಾಧನದ ಗುರುತಿನ ಸಂಖ್ಯೆ) ಅಲ್ಲಿ ಸಿಕ್ಕರೆ ಅದರ ಪಕ್ಕದಲ್ಲಿರುವುದೇ ಈಗಿನ ಐಪಿ. ಬಹಳ ಸಲ ಆಗಿರುವುದು ಇಷ್ಟೇ: ಡಿವಿಆರ್, ರೂಟರ್ ಎರಡೂ ಆಫ್ ಆಗಿ ಆನ್ ಆದಾಗ ರೂಟರ್ ಬೇರೆ ಐಪಿ ಕೊಟ್ಟಿರುತ್ತದೆ, ಮೊಬೈಲ್ ಆ್ಯಪ್ ಹಳೆಯದನ್ನೇ ಹುಡುಕುತ್ತಿರುತ್ತದೆ. ಆ ಮ್ಯಾಕ್‌ಗೆ ರೂಟರಿನಲ್ಲಿ ಒಂದು ಐಪಿ ರಿಸರ್ವ್ ಮಾಡಿಬಿಡಿ, ಮತ್ತೆ ಬದಲಾಗುವುದಿಲ್ಲ.

ಪಟ್ಟಿಯಲ್ಲೇ ಇಲ್ಲವೇ? ಡಿವಿಆರ್‌ಗೆ ಟಿವಿ ಸಿಕ್ಕಿಸಿ ನೆಟ್‌ವರ್ಕ್ ಸೆಟ್ಟಿಂಗ್ ತೆರೆಯಿರಿ. ಐಪಿ 169.254ರಿಂದ ಶುರುವಾದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದರ್ಥ. ಸಿಡಿಲಿನ ನಂತರ ರೂಟರನ್ನೇ ಬದಲಿಸಿದ್ದರೆ ಇನ್ನೊಂದನ್ನು ಗಮನಿಸಿ: ಡಿವಿಆರ್‌ನಲ್ಲಿ ಹಳೆಯ 192.168.0 ಸಾಲಿನ ಸ್ಥಿರ ಐಪಿ ಉಳಿದು, ಹೊಸ ರೂಟರ್ 192.168.1 ಸಾಲಿನಲ್ಲಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಡಿಎಚ್‌ಸಿಪಿ ಆನ್ ಮಾಡಿ ಡಿವಿಆರ್ ರೀಸ್ಟಾರ್ಟ್ ಮಾಡಿ.