ಸ್ಕೂಲಿಂದ ಬಂದ ಚೀಟೀಲಿ 17 ಅಂತಿದೆ, ಏನ್ಮಾಡ್ಲಿ?

ಪ್ರಶ್ನೆ: ಮೇಡಂ ನಮಸ್ತೆ. ಮಗನಿಗೆ 13 ವರ್ಷ. ಸ್ಕೂಲಲ್ಲಿ ಎಲ್ಲಾ ಮಕ್ಕಳ ಕೈಲೂ ಎಸ್‌ಡಿಕ್ಯೂ ಅಂತ, ಮಕ್ಕಳ ಮನಸ್ಸು ನಡವಳಿಕೆ ಬಗ್ಗೆ 25 ಪ್ರಶ್ನೆಗಳ ಫಾರಂ ತುಂಬಿಸಿದ್ರಂತೆ, ಇವನಿಗೆ 17 ಬಂದಿದೆ, 'ಬಾರ್ಡರ್‌ಲೈನ್' ಅಂತ ಬರೆದು ಕಳ್ಸಿದಾರೆ. ಮನೇಲಿ ಚೆನ್ನಾಗೇ ಇದಾನೆ, ಆದ್ರೆ ಚೀಟಿ ನೋಡಿದಾಗಿಂದ ನನಗೇ ನಿದ್ದೆ ಇಲ್ಲ. ಇದು ಮಾನಸಿಕ ಕಾಯಿಲೆನಾ?

ಉತ್ತರ: ಆ ಚೀಟಿ ಮಡಚಿಡಿ ಮೊದ್ಲು. ಕಾಯಿಲೆ ಇದೆ ಅಂತ ಆ ಫಾರಂ ಹೇಳೋದೇ ಇಲ್ಲ, ಯಾವ ಮಗು ಹತ್ರ ಇನ್ನೊಂದ್ಸಲ ಕೂತು ಮಾತಾಡ್ಬೇಕು ಅಂತ ಜರಡಿ ಹಿಡಿಯೋದಷ್ಟೇ ಅದರ ಕೆಲಸ. 1997ರಲ್ಲಿ ರಾಬರ್ಟ್ ಗುಡ್‌ಮನ್ ಅನ್ನೋ ಮನೋವೈದ್ಯರು ಮಾಡಿದ್ದು, ಹಿಂದಿನ ಆರು ತಿಂಗಳು ಹೇಗಿತ್ತು ಅಂತ ಕೇಳುತ್ತೆ, 20 ಪ್ರಶ್ನೆಗೆ 40 ಅಂಕ, ಉಳಿದ 5 ಬೇರೆಯವರಿಗೆ ಸಹಾಯ ಮಾಡ್ತೀಯಾ ಅನ್ನೋ ಥರದ್ದು, ಅದನ್ನ ಕೂಡಿಸಲ್ಲ. ಮಕ್ಕಳೇ ತುಂಬಿದ್ರೆ 16ರಿಂದ 19 ಬಾರ್ಡರ್‌ಲೈನ್, ಅಂದ್ರೆ ಮಾಮೂಲಿಗೂ ಜಾಸ್ತಿ ತೊಂದರೆಗೂ ನಡುವಿನದ್ದು. ಆ 17 ಎಲ್ಲಿಂದ ಬಂತು, ಭಯ ಬೇಜಾರಿನ ಪ್ರಶ್ನೆಗಳಿಂದನಾ, ಫ್ರೆಂಡ್ಸ್ ವಿಷ್ಯದಿಂದನಾ, ಅದನ್ನ ಸ್ಕೂಲಲ್ಲಿ ಕೇಳಿ.

ಇನ್ನೊಂದು, ಪಕ್ಕದ ಬೆಂಚಿನ ಹುಡುಗ ಬಗ್ಗಿ ನೋಡ್ತಿರುವಾಗ 'ತುಂಬಾ ಚಿಂತೆ ಮಾಡ್ತೀನಿ' ಅನ್ನೋದಕ್ಕೆ 'ನಿಜ' ಅಂತ ಟಿಕ್ ಹಾಕೋಕೆ ಎಷ್ಟು ಧೈರ್ಯ ಬೇಕು ಹೇಳಿ? ಕೆಲವು ಮಕ್ಕಳು ಪೆನ್ಸಿಲ್ಲಲ್ಲಿ ಟಿಕ್ ಹಾಕಿ ಆಮೇಲೆ ಕಾಗದ ಹರಿಯೋ ಹಂಗೆ ರಬ್ಬರ್ ಉಜ್ಜಿ 'ನಿಜ ಅಲ್ಲ'ಕ್ಕೆ ಹಾಕಿರ್ತಾರೆ, ನಾನಂತೂ ಸ್ಕೋರಿಗಿಂತ ಮೊದ್ಲು ಆ ಉಜ್ಜಿದ ಜಾಗ ನೋಡ್ತೀನಿ. ಅಪ್ಪ ಅಮ್ಮಂಗೆ, ಟೀಚರ್ಸ್‌ಗೆ ಬೇರೆ ಫಾರಂ ಇದೆ, ಅದನ್ನೂ ತುಂಬಿ.

ಆದ್ರೆ ಈ ಫಾರಂ ಕೇಳದೇ ಇರೋದು ಒಂದಿದೆ, ಬೇಜಾರಾದಾಗ ಅವನು ಏನ್ಮಾಡ್ತಾನೆ? ಲಾಜರಸ್, ಫೋಕ್‌ಮನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1984ರಲ್ಲೇ ಹೇಳಿದ್ರು, ಕಷ್ಟ ಬಂದಾಗ ನಾವು ಒಂದೋ ಕಷ್ಟನ ಸರಿಮಾಡೋಕೆ ನೋಡ್ತೀವಿ, ಇಲ್ಲಾ ಮನಸ್ಸನ್ನ ಸಮಾಧಾನ ಮಾಡ್ಕೋತೀವಿ. ಗಣಿತ ಅರ್ಥ ಆಗ್ತಿಲ್ಲ ಅಂತ ದಿನಾ ಮೊಬೈಲ್ ಗೇಮಲ್ಲಿ ಮುಳುಗಿದ್ರೆ ಗಣಿತ ಅಲ್ಲೇ ಇರುತ್ತೆ. ಅದೇ ಅಪ್ಪ ಅಮ್ಮ ಜಗಳ ಆಡ್ತಿದ್ರೆ ಅವನು ತಾನೇ ಏನ್ ಸರಿಮಾಡ್ತಾನೆ, ಬಾಗಿಲು ಹಾಕ್ಕೊಂಡು ಹಾಡು ಕೇಳೋದೇ ಅವನಿಗೆ ದಾರಿ, ಅದನ್ನ ಸೋಮಾರಿತನ ಅಂತ ಬೈಯೋರೇ ಜಾಸ್ತಿ ನಮ್ಮಲ್ಲಿ.

ಎದುರು ಕೂರಿಸ್ಕೊಂಡು ವಿಚಾರಣೆ ಬೇಡ. ಇಬ್ರೂ ಬಟ್ಟೆ ಮಡಚ್ತಾ ಇರುವಾಗ 'ಅವತ್ತು ಸಪ್ಪಗಿದ್ಯಲ್ಲ, ಆಮೇಲೆ ಏನ್ಮಾಡ್ದೆ' ಅಂತ ಕೇಳಿ, ಸುಮ್ನಿದ್ರೆ ನೀವೂ ಸುಮ್ನಿರಿ. ಎರಡು ವಾರ ಆದ್ರೂ ನಿದ್ದೆ ಊಟ ಕೆಟ್ಟೇ ಇದ್ರೆ, ಫ್ರೆಂಡ್ಸ್ ಬಿಟ್ರೆ, ಕೌನ್ಸೆಲರ್ ಹತ್ರ ಕರ್ಕೊಂಡೋಗಿ. ಸಾಯೋ ಮಾತಾಡಿದ್ರೆ, ಕೈ ಮೇಲೆ ಕೊಯ್ಕೊಂಡ ಗುರುತು ಕಂಡ್ರೆ ಸ್ಕೋರ್ ಎಷ್ಟೇ ಇರ್ಲಿ ಅವತ್ತೇ ಡಾಕ್ಟರ್ ಹತ್ರ ಹೋಗಿ, ಅಲ್ಲೀತನಕ ಒಬ್ಬನ್ನೇ ಬಿಡ್ಬೇಡಿ.